ಮೂರನೆಯ ಹೆಸರಿನ ಉಸ್ತಾದ್

ಡಾ. ನೌಜರ್ ರಾಯೀನಿಯವರ ಸಂಶೋಧನೆ ಹುಡುಕಿಕೊಂಡು ಹೋದವರು ಪ್ರಬಂಧದ ಮೊದಲ ಹೆಸರನ್ನಷ್ಟೇ ನೋಡಿದರೆ ಕೆಟ್ಟರು. ಅಲ್ಲಿ ಅವರಿಲ್ಲ. ಅರುವತ್ತು ಚಿಲ್ಲರೆ ಪ್ರಬಂಧಗಳಲ್ಲಿ ಬಹುಪಾಲು ಅವರದು ಮೂರನೆಯ ಹೆಸರು, ಕೆಲವುಗಳಲ್ಲಿ ನಾಲ್ಕನೆಯದು. ಕೆರ್ಮಾನ್ ಪಟ್ಟಣದ ಆ ವೈದ್ಯಕೀಯ ಕಾಲೇಜಿನ ಲೈಬ್ರರಿಯಲ್ಲಿ ಕೂತು, ಯಾವ ಡಾಕ್ಟರು ಎಷ್ಟು ಬರೆದರು, ಬರೆದದ್ದನ್ನು ಲೋಕದಲ್ಲಿ ಎಷ್ಟು ಜನ ಉಲ್ಲೇಖಿಸಿದರು ಎಂದು ಎಣಿಸುವ ಕೆಲಸ ಮಾಹ್‌ರುಖ್ ಕೂಹ್‌ಬನಾನಿಯದು. ಅವಳಿಗೆ ಈ ಮೂರನೆಯ ಹೆಸರಿನ ಕಥೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಸಿಟ್ಟು ಬರುತ್ತಿತ್ತು.

ನೌಜರ್ ಅವರ ಆಯುಷ್ಯವೆಲ್ಲ ಕಳೆದದ್ದು ಒಂದು ಮರಳುನೊಣದ ಹಿಂದೆ. ಅದು ಕಚ್ಚಿದರೆ ಸಾಲಕ್ ಎನ್ನುವ ಹುಣ್ಣು ಬರುತ್ತದೆ, ವರ್ಷಗಟ್ಟಲೆ ಮಾಯುವುದಿಲ್ಲ, ಮಾಯ್ದರೂ ಮುಖದಲ್ಲಿ ಗುಳಿ ಬಿಟ್ಟುಹೋಗುತ್ತದೆ. ಬಮ್ ಕಡೆಯವಳಾದ ಮಾಹ್‌ರುಖ್‌ಳ ಎಡಗೆನ್ನೆಯಲ್ಲೂ ಅಂಥದೊಂದು ಗುಳಿ ಇದೆ. ಕಾಲೇಜಿನ ಹಿಂಭಾಗದ ಒಂದು ಬೆಚ್ಚನೆಯ ಕೋಣೆಯಲ್ಲಿ ನೌಜರ್ ಆ ನೊಣಗಳನ್ನು ಬಲೆಪೆಟ್ಟಿಗೆಗಳಲ್ಲಿ ಸಾಕುತ್ತಿದ್ದರು. ಹೊಸವರ್ಷದ ನೌರೂಜ್ ರಜೆಯಲ್ಲಿ ಊರಿಗೆ ಊರೇ ನೆಂಟರ ಮನೆಗೆ ಹೋದರೆ ಇವರು ಹತ್ತಿಯನ್ನು ಸಕ್ಕರೆ ನೀರಿನಲ್ಲಿ ಅದ್ದಿಕೊಂಡು ನೊಣಗಳ ಹತ್ತಿರ ಹೋಗುತ್ತಿದ್ದರು. ಒಮ್ಮೆ ಕರೆಂಟು ಹೋದಾಗ ಪೆಟ್ಟಿಗೆಗಳನ್ನೆಲ್ಲ ಮನೆಗೇ ಹೊತ್ತು ತಂದರಂತೆ. ಅವರ ಹೆಂಡತಿ, ನನಗಿಂತ ಈ ನೊಣಗಳಿಗೇ ನೀವು ಚೆನ್ನಾಗಿ ಉಣ್ಣಿಸಿದ್ದು ಎಂದು ಬಂದವರೆದುರೆಲ್ಲ ಹೇಳಿಕೊಂಡು ನಗುತ್ತಿದ್ದರು.

ಇಷ್ಟೆಲ್ಲ ಮಾಡುವ ಮನುಷ್ಯ ಪ್ರಬಂಧ ಸಿದ್ಧವಾದ ದಿನ ಮಾತ್ರ ಮೆತ್ತಗಾಗಿಬಿಡುತ್ತಿದ್ದರು. ಜೊತೆಗೆ ದುಡಿದವರನ್ನು ಕೂರಿಸಿಕೊಂಡು, ಇದು ನಿಮ್ಮದೇ ಶ್ರಮ, ನಿಮ್ಮ ಹೆಸರೇ ಮೊದಲಿರಲಿ, ನಾನೆಷ್ಟರವನು ಎನ್ನುತ್ತಿದ್ದರು. ಇದಕ್ಕೆ ನಮ್ಮಲ್ಲಿ ತಾರೋಫ್ ಎನ್ನುತ್ತಾರೆ. ಟ್ಯಾಕ್ಸಿಯವನು ಬಾಡಿಗೆ ಬೇಡ ಬಿಡಿ ಸ್ವಾಮಿ ಅಂದರೆ ಯಾರೂ ಹಾಗೇ ಇಳಿದು ನಡೆಯುವುದಿಲ್ಲ. ಅವನು ಬೇಡ ಅನ್ನಬೇಕು, ನಾವು ತಗೊಳ್ಳಿ ಅನ್ನಬೇಕು, ಒಂದೆರಡು ಸಲ ಹಾಗೂ ಹೀಗೂ ಎಳೆದಾಡಿ ಮೂರನೆಯ ಸಲಕ್ಕೆ ನ್ಯಾಯ ನ್ಯಾಯದ ಜಾಗಕ್ಕೆ ಬರಬೇಕು. ಆದರೆ ಹೆಸರಿನ ವಿಷಯದಲ್ಲಿ ಏನಾಗುತ್ತಿತ್ತೆಂದರೆ, ಹುಡುಗರು ಒಂದು ಸಲ ಅಯ್ಯೋ ಬೇಡ ಉಸ್ತಾದ್ ಅಂದವರು ಎರಡನೆಯ ಸಲಕ್ಕೇ ತಲೆ ತಗ್ಗಿಸಿ ಒಪ್ಪಿಕೊಂಡುಬಿಡುತ್ತಿದ್ದರು. ಕೊಡುವವರಿಗೆ ಬಾಯಿ ಬಿಟ್ಟು ಕೇಳಲಾರದ ಸಂಕೋಚ, ತಗೊಳ್ಳುವವರಿಗೆ ಸಂಕೋಚವೇ ಇಲ್ಲ.

ಅಂಥವರಲ್ಲಿ ಫರ್ಜೀನ್ ಜರಂದಿಯೂ ಒಬ್ಬ. ಬಮ್ ಸುತ್ತಲಿನ ಹಳ್ಳಿಗಳಲ್ಲಿ ನೊಣ ಎಲ್ಲಿ ಮೊಟ್ಟೆಯಿಡುತ್ತದೆ ಎಂದು ನೌಜರ್ ಬೇಸಿಗೆಯಿಂದ ಬೇಸಿಗೆಗೆ ಗೋಡೆ ಬಿರುಕು ಕೆದಕುತ್ತ ಅಲೆದರು. ಜರಂದಿ ಕೊನೆಯ ಕೆಲವು ತಿಂಗಳು ಬಂದು ಸೇರಿಕೊಂಡ, ಇಂಗ್ಲಿಷಿನಲ್ಲಿ ಚೆಂದಾಗಿ ಬರೆದುಕೊಟ್ಟ. ಆ ಪ್ರಬಂಧವನ್ನು ಟರ್ಕಿಯವರು, ಮೊರಾಕ್ಕೊದವರು, ಬ್ರೆಜಿಲ್‌ನವರು ಎಲ್ಲರೂ ಉಲ್ಲೇಖಿಸಿದರು. ಮೊದಲ ಹೆಸರು ಜರಂದಿಯದು. ಅದರ ಬಲದ ಮೇಲೆಯೇ ಅವನು ಪ್ರೊಫೆಸರಾದ, ಆಮೇಲೆ ಕಾಲೇಜಿನ ಸಂಶೋಧನಾ ವಿಭಾಗಕ್ಕೇ ಮುಖ್ಯಸ್ಥನಾದ. ನೌಜರ್ ಸಹಪ್ರಾಧ್ಯಾಪಕರಾಗಿಯೇ ಉಳಿದರು.

ಆ ಕಾಲೇಜಿನ ನಿಯಮದಂತೆ ಪ್ರೊಫೆಸರಾದವರು ಎಪ್ಪತ್ತರವರೆಗೆ ಇರಬಹುದು, ಆಗದವರು ಅರುವತ್ತೈದಕ್ಕೆ ಮನೆಗೆ. ನೌಜರ್ ಅವರಿಗೆ ಉಳಿದದ್ದು ಆ ಒಂದು ಚಳಿಗಾಲ. ಅವರು ಹೋದರೆ ನೊಣದ ಕೋಣೆಯೂ ಹೋದ ಹಾಗೆ, ಅದನ್ನು ಸಾಕುವ ತಾಳ್ಮೆ ಇನ್ನೊಬ್ಬರಿಗಿರಲಿಲ್ಲ. ನೊಣ ಕಚ್ಚದಂತೆ ಮಕ್ಕಳ ಕೈಕಾಲು ಮುಖಕ್ಕೆ ಹಚ್ಚುವ ಒಂದು ಮುಲಾಮನ್ನು ಅವರು ಆ ಕೋಣೆಯಲ್ಲೇ ಪರೀಕ್ಷೆ ಮಾಡುತ್ತಿದ್ದರು. ಕೆಲಸ ಅರ್ಧಕ್ಕೆ ಬಂದಿತ್ತು.

ನೌಜರ್ ಅವರ ಬಡ್ತಿಗೆ ಬೇಕಾದ ಎಣಿಕೆ ಮಾಹ್‌ರುಖ್‌ಳ ಮೇಜಿಗೆ ಬಂತು. ಎಚ್ ಇಂಡೆಕ್ಸ್ ಎಂದು ಒಂದು ಅಳತೆಯಿದೆ. ಇಪ್ಪತ್ತು ಪ್ರಬಂಧಗಳಿದ್ದು ಒಂದೊಂದನ್ನೂ ಬೇರೆಯವರು ಇಪ್ಪತ್ತು ಸಲವಾದರೂ ಉಲ್ಲೇಖಿಸಿದ್ದರೆ ಇಪ್ಪತ್ತು. ನೌಜರ್ ಅವರದು ಅದಕ್ಕಿಂತಲೂ ಮೇಲಿತ್ತು, ಕಾಲೇಜಿನ ಎಷ್ಟೋ ಪ್ರೊಫೆಸರರನ್ನು ಮೀರಿಸಿತ್ತು. ಆದರೆ ಬಡ್ತಿಯ ಅಂಕ ಬೀಳುವುದು ಮೊದಲ ಹೆಸರಿಗೆ. ಮೂರನೆಯವರಿಗೆ ಸಿಗುವುದು ತಟ್ಟೆಯ ಅಂಚಿನಲ್ಲಿ ಉಳಿದ ಅನ್ನದಷ್ಟು. ಅವಳು ತಿರುಗಿ ತಿರುಗಿ ಕೂಡಿದಳು. ಆ ದೊಡ್ಡ ಪ್ರಬಂಧ ಒಂದು ಅವರ ಲೆಕ್ಕಕ್ಕೆ ಬಂದರೆ ಸಾಕಿತ್ತು, ಗೆದ್ದ ಹಾಗೆ.

ನಿಯಮಗಳನ್ನು ಕೆದಕಿದಾಗ ಅವಳಿಗೆ ಒಂದು ದಾರಿಯೂ ಸಿಕ್ಕಿತು. ಮುಖ್ಯ ಕೆಲಸ ನನ್ನದು ಎಂದು ಬಡ್ತಿಯ ಸಮಿತಿಯೆದುರು ಒಬ್ಬರು ಹೇಳಿ, ಮೊದಲ ಹೆಸರಿನವನು ಹೌದು ಅಂದರೆ ಅಂಕವನ್ನು ಅವರಿಗೆ ಕೊಡಬಹುದು. ಅವಳು ಲೈಬ್ರರಿಯಿಂದ ನೊಣದ ಕೋಣೆಗೆ ಓಡಿಯೇ ಹೋದಳು.

"ಉಸ್ತಾದ್, ಸಮಿತಿ ಕೂರೋ ದಿನ ನೀವು ಒಂದೇ ಮಾತು ಹೇಳ್ಬೇಕು. 'ಆ ಕೆಲಸ ನಾನು ಮಾಡಿದ್ದು' ಅಂತ. ಈಗ ನನ್ನೆದುರು ಒಂದ್ಸಲ ಹೇಳಿ ನೋಡೋಣ."

"ಆ ಕೆಲಸ... ನಾವೆಲ್ಲ ಸೇರಿ..."

"ನಾವೂ ಬೇಡ, ಎಲ್ಲಾನೂ ಬೇಡ. ನಾನು ಅನ್ನಿ."

"ಮಗಳೇ, ನಮ್ಮಮ್ಮ ಕೇಳಿಸ್ಕೊಂಡ್ರೆ ಗೋರಿಯಿಂದ ಎದ್ದು ಬಂದು ಕಿವಿ ಹಿಂಡ್ತಾಳೆ."

ಇಬ್ಬರೂ ನಕ್ಕರು. ಅವಳು ಬಿಡಲಿಲ್ಲ. ವಾರವಿಡೀ ಚಹಾದ ಹೊತ್ತಿಗೆ ಹೋಗಿ ಪಾಠ ಒಪ್ಪಿಸಿಕೊಂಡಳು. ಕೊನೆಗೊಂದು ದಿನ ಅವರು ಗೋಡೆಯ ಕಡೆ ತಿರುಗಿ ಆ ಮಾತನ್ನು ಪೂರ್ತಿ ಹೇಳಿದರು, ಕಿವಿಯೆಲ್ಲ ಕೆಂಪಾಯಿತು. ಆಮೇಲೆ, ಅಷ್ಟು ದೂರ ಹೋಗಬೇಕಾಗುವುದಿಲ್ಲ ಬಿಡು, ಫರ್ಜೀನ್ ಅಲ್ಲೇ ಇರುತ್ತಾನಲ್ಲ, ನಾನು ಬಾಯಿ ತೆರೆಯುವ ಮೊದಲೇ ಅವನೇ ಹೇಳುತ್ತಾನೆ ಎಂದು ಅವಳಿಗೇ ಸಮಾಧಾನ ಮಾಡಿದರು.

ಸಮಿತಿ ಕೂತಿತು. ಚಹಾ ಬಂತು, ಖರ್ಜೂರ ತುಂಬಿದ ಕುಲುಂಪೆ ಬಂತು. ಎಣಿಕೆಯ ವಿವರ ಕೇಳಿದರೆ ಹೇಳಲಿಕ್ಕೆಂದು ಮಾಹ್‌ರುಖ್‌ಳನ್ನು ಗೋಡೆ ಬದಿಯ ಕುರ್ಚಿಯಲ್ಲಿ ಕೂರಿಸಿದ್ದರು. ಜರಂದಿ ಅಧ್ಯಕ್ಷರ ಪಕ್ಕದಲ್ಲೇ ಇದ್ದ. ಉಸ್ತಾದ್ ಒಳಗೆ ಬಂದಾಗ ಎಲ್ಲರಿಗಿಂತ ಮೊದಲು ಎದ್ದು ನಿಂತವನೂ ಅವನೇ. ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು, ಬಮ್‌ನ ಆ ಪ್ರಬಂಧದಲ್ಲಿ ಮುಖ್ಯ ಕೆಲಸ ಯಾರದು ಎಂದು ನೇರವಾಗಿ ಕೇಳಿದರು.

ನೌಜರ್ ಶಿಷ್ಯನ ಕಡೆ ನೋಡಿದರು. ಅವನು ಅವರನ್ನೇ ನೋಡುತ್ತಿದ್ದ. ಅಷ್ಟು ಜನರ ನಡುವೆ ಅವನ ಮಾನ ತೆಗೆಯುವುದು ಅವರಿಂದ ಹೇಗಾದೀತು? ಮಾಹ್‌ರುಖ್ ಮನಸ್ಸಿನಲ್ಲೇ ಆ ಮಾತನ್ನು ಎತ್ತಿ ಎತ್ತಿ ಕೊಡುತ್ತಿದ್ದಳು.

"ಎಲ್ಲಾ ಡಾಕ್ಟರ್ ಜರಂದಿಯವರದೇ ಶ್ರಮ," ಅಂದರು ನೌಜರ್. "ನಾನು ಜೊತೆಗಿದ್ದೆ ಅಷ್ಟೆ."

ಹೇಳಿ ಕಾದರು. ಈಗ ಜರಂದಿ ಎದೆಯ ಮೇಲೆ ಕೈಯಿಟ್ಟು, ಛೆ ಛೆ, ಎಲ್ಲಾ ಉಸ್ತಾದರದೇ ಅನ್ನಬೇಕು. ಅದು ಮಕ್ಕಳಿಗೂ ಗೊತ್ತಿರುವ ರೀತಿ. ಜರಂದಿ ಚಹಾದ ಲೋಟವನ್ನು ಒಂದಿಷ್ಟು ಆಚೆ ಸರಿಸಿದ, ಆಮೇಲೆ ಒಂದಿಷ್ಟು ಈಚೆ. ಬರೆದುಕೊಳ್ಳುವ ಗುಮಾಸ್ತ ಬರೆದುಕೊಂಡ.

ಮಾಹ್‌ರುಖ್ ಎದ್ದು ನಿಂತಿದ್ದಳು, ಯಾವಾಗ ಎದ್ದಳೋ ಅವಳಿಗೇ ತಿಳಿಯದು. "ಅದನ್ನ ಬರೀಬೇಡಿ. ಅದು ತಾರೋಫ್. ಇಲ್ಲಿರೋ ಎಲ್ಲರಿಗೂ ಅದು ತಾರೋಫ್ ಅಂತ ಗೊತ್ತು."

ಹೆಂಗಸರನ್ನು ಕರೆಯುವ ಮರ್ಯಾದೆಯ ಮಾತಿನಲ್ಲೇ, ಖಾನಂ, ನಿಮ್ಮನ್ನು ಕರೆದದ್ದು ಅಂಕಿ ಹೇಳಲಿಕ್ಕೆ, ಕೂತುಕೊಳ್ಳಿ ಎಂದರು ಅಧ್ಯಕ್ಷರು. ಆದರೂ ಜರಂದಿಯ ಕಡೆ ತಿರುಗಿ, ನೀವೇನಂತೀರಿ ಎಂದು ಕೇಳಿದರು.

ಜರಂದಿ ತಲೆ ಬಾಗಿಸಿದ, ಮೃದುವಾಗಿಯೇ ಹೇಳಿದ: "ಉಸ್ತಾದರ ಮಾತನ್ನ ಸುಳ್ಳು ಅನ್ನೋಕೆ ನಾನ್ಯಾರು?"

ಥೂ! ಮರ್ಯಾದೆಯ ಮಾತನ್ನೇ ಚೂರಿ ಮಾಡಿಕೊಂಡವನನ್ನು ಮಾಹ್‌ರುಖ್ ಅವತ್ತೇ ನೋಡಿದ್ದು.

ಹೊರಗೆ ಮೆಟ್ಟಿಲ ಮೇಲೆ ನೌಜರ್ ಬಹಳ ಹೊತ್ತು ಕೋಟಿನ ಗುಂಡಿ ಹಾಕಿಕೊಳ್ಳುತ್ತ ನಿಂತರು. ಅವಳು ಸಿಟ್ಟಿನಿಂದ ಅಳುತ್ತಿದ್ದಳು. ಅವರು ಅವಳಿಗೆ, ನೀನು ಸರಿಯಾಗಿ ಎಣಿಸಿದ್ದೀಯ ಮಗಳೇ, ನಿನ್ನ ತಪ್ಪೇನೂ ಇಲ್ಲ ಅಂದರು. ಆಮೇಲೆ, ಅವನು ಹೇಳುತ್ತಾನೆ ಅಂತ ನಾನು ನಿಜವಾಗಿಯೂ ನಂಬಿದ್ದೆ ಅಂದರು.

ಚಳಿಗಾಲ ಮುಗಿಯುವಷ್ಟರಲ್ಲಿ ನಿವೃತ್ತಿಯಾಯಿತು. ಮನೆಯಲ್ಲಿ ನೊಣ ಸಾಕಲು ಕಾಲೇಜು ಒಪ್ಪಲಿಲ್ಲ. ಕೋಣೆಯ ಹೀಟರನ್ನು ಯಾರೋ ಆರಿಸಿದರು, ನೊಣಗಳು ಸತ್ತವು. ಮುಲಾಮಿನ ಪರೀಕ್ಷೆ ಅಲ್ಲಿಗೆ ನಿಂತಿತು. ಬಮ್ ಕಡೆ ಹೋದಾಗಲೆಲ್ಲ ಮಾಹ್‌ರುಖ್‌ಗೆ ಮಕ್ಕಳ ಕೆನ್ನೆ ನೋಡಲು ಮನಸ್ಸು ಬರುತ್ತಿರಲಿಲ್ಲ.

ಎರಡು ವರ್ಷದ ಮೇಲೆ ಒಂದು ಬೆಳಿಗ್ಗೆ ಅವಳ ಹುಡುಕಾಟದಲ್ಲಿ ಒಂದು ಪ್ರಬಂಧ ಸಿಕ್ಕಿತು. ನೊಣ ಮನೆಯೊಳಗೆ ಬರುವ ಹೊತ್ತು, ಕಚ್ಚುವ ಹೊತ್ತು, ಮುಲಾಮು ಎಷ್ಟು ಹೊತ್ತು ತಡೆಯಿತು ಎಂಬುದು, ಕೋಣೆ ಮುಚ್ಚುವವರೆಗೆ ತಿಳಿದಷ್ಟೂ ಅದರಲ್ಲಿತ್ತು. ಬರೆದವರು ನೌಜರ್ ರಾಯೀನಿ, ಅವರೊಬ್ಬರೇ. ಹೆಸರಿನ ಕೆಳಗೆ ಕಾಲೇಜು ಇರಬೇಕಾದಲ್ಲಿ ಕೆರ್ಮಾನ್ ಅಂತಷ್ಟೇ ಇತ್ತು. ಕಾಲೇಜಿನ ಹೆಸರಿಲ್ಲದ ಪ್ರಬಂಧ ಕಾಲೇಜಿನ ಲೆಕ್ಕಕ್ಕೆ ಬರುವುದಿಲ್ಲ. ಅವಳಿಗೆ ಸಂತೋಷಕ್ಕೆ ಎದೆ ತುಂಬಿ ಬಂತು. ಮರುವರ್ಷದೊಳಗೆ ಅದನ್ನು ಉಲ್ಲೇಖಿಸಿದವರ ಸಂಖ್ಯೆ ಕಾಲೇಜಿನ ಆ ವರ್ಷದ ಎಲ್ಲ ಪ್ರಬಂಧಗಳನ್ನೂ ಹಿಂದೆ ಹಾಕಿತು.

ಆಗ ಜರಂದಿ ಲೈಬ್ರರಿಗೆ ಬಂದ. ಉಲ್ಲೇಖಗಳ ಲೆಕ್ಕದಲ್ಲಿ ಕಾಲೇಜಿನ ಸ್ಥಾನ ಆ ವರ್ಷ ಕೆಳಗಿಳಿದಿತ್ತು, ಮೇಲಿನವರು ಅವನನ್ನು ಹಿಡಿದುಕೊಂಡಿದ್ದರು. ಕೆಲಸ ನಡೆದದ್ದು ನಮ್ಮ ಕೋಣೆಯಲ್ಲಿ ತಾನೇ, ಕಾಲೇಜಿನ ಹೆಸರು ಸೇರಿಸಿ ಎಂದು ಉಸ್ತಾದ್ ಒಂದು ಸಾಲು ಬರೆದರೆ ಪತ್ರಿಕೆಯವರು ತಿದ್ದುತ್ತಾರೆ, ನೀವೇ ಕೇಳಿ ಖಾನಂ, ನಿಮ್ಮ ಮಾತು ಅವರು ತೆಗೆದುಹಾಕುವುದಿಲ್ಲ ಎಂದು ಅಲ್ಲೇ ನಿಂತ.

ಅವಳು ಅವನೆದುರೇ ಫೋನ್ ಮಾಡಿದಳು. ಕ್ಷೇಮಸಮಾಚಾರ ಆಯಿತು. ವಿಷಯ ಹೇಳಿದಳು.

"ಬೇಡ," ಅಂದರು ನೌಜರ್.

ರೂಢಿಯಂತೆ ಅವಳು ಮತ್ತೆ ಕೇಳಿದಳು. ಬೇಡ ಅಂದರು. ಮೂರನೆಯ ಸಲವೂ ಕೇಳಿದಳು. ಅವರ ದನಿ ಏರಲಿಲ್ಲ, ಕ್ಷಮೆ ಕೇಳಲಿಲ್ಲ, ನಾನೆಷ್ಟರವನು ಅನ್ನಲಿಲ್ಲ. "ಬೇಡ ಮಗಳೇ," ಅಂದರು. ಚೆನ್ನಾಗಿರು ಎಂದು ಹರಸಿ ಫೋನ್ ಇಟ್ಟರು.

ಅವಳು ಹೇಳಿದ್ದನ್ನು ಕೇಳಿ ಜರಂದಿ ನಗಲು ನೋಡಿದ. "ಉಸ್ತಾದರ ಸ್ವಭಾವ ನಿಮಗೆ ಗೊತ್ತಿಲ್ವಾ ಖಾನಂ? ಇನ್ನೊಂದ್ಸಲ ಕೇಳಿ. ಅದು ತಾರೋಫ್ ಇರ್ಬೇಕು."

"ಅಲ್ಲ ಡಾಕ್ಟರ್," ಅಂದಳು ಮಾಹ್‌ರುಖ್. "ಅವತ್ತು ಹೇಳಿದ್ದು ತಾರೋಫ್. ಇವತ್ತು ಅಲ್ಲ."