ತೊಳೆದಿಟ್ಟ ಸೀಸೆ

ಆ ಸೀಸೆಯನ್ನು ತೊಳೆದವನು ನಾನು, ಶಾಂತವ್ವ. ನೀವು ಅತ್ತೆಗೆ ಬೇಕೆಂದೇ ಹೆಚ್ಚು ಔಷಧ ಕುಡಿಸಲಿಲ್ಲ ಎಂಬುದಕ್ಕೆ ಇದ್ದ ಒಂದೇ ಸಾಕ್ಷಿ ನನ್ನ ಕೈಯಿಂದಲೇ ನೀರುಪಾಲಾಯಿತು.

ಗಡಹಿಂಗ್ಲಜದ ನಮ್ಮ ಔಷಧ ಅಂಗಡಿಯಲ್ಲಿ ಆಗ ಕೆಮ್ಮಿನ ಮಿಕ್ಸ್ಚರನ್ನು ನಾವೇ ಕಲಸುತ್ತಿದ್ದೆವು. ಕಾಗದದ ಪಟ್ಟಿಯ ಅಂಚಿಗೆ ಕಚ್ಚು ಹಾಕಿ ಸೀಸೆಗೆ ಅಂಟಿಸುವುದು. ಕಚ್ಚಿನಿಂದ ಕಚ್ಚಿಗೆ ಒಂದು ಹೊತ್ತಿನ ಔಷಧ. ಕೊಲ್ಹಾಪುರದ ಕಾಲೇಜಿನಿಂದ ರಜೆಗೆ ಬಂದಿದ್ದ ನಾನು ನಿಮ್ಮ ಪಟ್ಟಿ ಕತ್ತರಿಸಿದೆ. ಎಂಟು ಕಚ್ಚು ಬೇಕಿತ್ತು. ನಾಲ್ಕೇ ಹಾಕಿದೆನೇನೋ—ಅಂದರೆ ಪ್ರತಿ ಸಲ ದುಪ್ಪಟ್ಟು. ಬರಿಯ ನೆನಪನ್ನು ನಂಬಬಾರದೆಂದು ಕಾಲೇಜಿನ ಇತಿಹಾಸ ಪಾಠದಲ್ಲಿ ಓದಿದವನು ನಾನು. ಆದರೂ...

ನಿಮ್ಮ ಅತ್ತೆ ಮರುದಿನ ಸಂಜೆಯವರೆಗೆ ಕಣ್ಣು ತೆರೆಯಲಿಲ್ಲ. ಗಂಡ ನಿಮ್ಮನ್ನು ನಿಮ್ಮೂರು ನೂಲದಿಂದ ಅಂಗಡಿಗೆ ಎಳೆತಂದ.

"ಅತ್ತಿ ಕಾಟ ತಪ್ಪಲಿ ಅಂತ ಮಲಗಿಸ್ಯಾಳ್ರಿ ಸಾವ್ಕಾರ್ರ!"

"ನಮ್ಮ ಅಂಗಡ್ಯಾಗಂತೂ ತಪ್ಪ ಆಗೂದಿಲ್ಲೋ," ಎಂದರು ಅಪ್ಪ.

ನೀವು ಸೀಸೆಯನ್ನು ನನ್ನ ಕೈಗಿತ್ತಿರಿ. "ಪಟ್ಟಿ ನೋಡೇ ಕೊಟ್ಟೇನ್ರಿ, ಅಣ್ಣಾರ. ನೀವ ನೋಡ್ರಿ."

ನಾನು ಒಳಗೆ ಹೋದೆ. ಹೊರಬಂದಾಗ ಸೀಸೆ ಬರಿದಾಗಿತ್ತು, ಪಟ್ಟಿ ಇರಲಿಲ್ಲ. ನೀವು ನನ್ನನ್ನೇ ನೋಡಿದಿರಿ.

ಆಮೇಲೆ ಗಂಡನ ಮನೆ ನಿಮಗೆ ಬಾಗಿಲು ತೆರೆಯಲಿಲ್ಲ. ಇಚಲಕರಂಜಿಯ ಮಗ್ಗಗಳಿಗೆ ಕಾಂಡಿ ಕೊಳವೆಗೆ ನೂಲು ಸುತ್ತಿ ಬದುಕಿದಿರಿ. ಮೊನ್ನೆ ಅಲ್ಲಿಯ ಔಷಧ ಅಂಗಡಿಯಲ್ಲಿ ನಾನು ನಿಮ್ಮ ಹಿಂದೆಯೇ ನಿಂತಿದ್ದೆ. "ಒಂದ ಗುಳಿಗಿ ಹೌದಲ್ರಿ? ಒಂದ?" ಎಂದು ನೀವು ಮೂರು ಸಲ ಕೇಳಿದಿರಿ. "ಆಜಿ, ಇನ್ನೊಮ್ಮೆ ಕೇಳಿದ್ರ ನಾನ ನುಂಗತೇನಿ ನೋಡು!" ಎಂದು ಅಂಗಡಿಯ ಹುಡುಗ ನಕ್ಕ. ನಾನು ಮುಖ ತಿರುಗಿಸಿ ಹೊರಟುಬಂದೆ.

ಈಗ ಅಂಗಡಿ ನಡೆಸುವ ತಮ್ಮನ ಮಗ ಅದರ ಇತಿಹಾಸ ಬರೆಸುತ್ತಿದ್ದಾನೆ. "ದೊಡ್ಡಪ್ಪಾ, ಅಜ್ಜನ ಕಾಲದಿಂದ ಒಂದೂ ತಪ್ಪ ಔಷಧ ಹೋಗಿಲ್ಲ ಅಂತ ದೊಡ್ಡ ಅಕ್ಷರದಾಗ ಬರೀರಿ." ಆ ಸಾಲು ಬರೆಯಲು ಕುಳಿತೆ—ಅದರ ಬದಲು ಇದನ್ನು ಬರೆಯುತ್ತಿದ್ದೇನೆ.

ತಿರುಗಿ ಬಂದ ಸೀಸೆ ತೊಳೆಯುವುದು ನಮ್ಮ ರೂಢಿ; ಕೈ ತಾನಾಗಿಯೇ ತೊಟ್ಟಿಗೆ ಹೋಗಿರಬೇಕು—ಇಷ್ಟು ವರ್ಷ ನನ್ನೊಳಗೆ ಹೀಗೇ ವಾದಿಸಿದೆ. ಆದರೆ ರೂಢಿಯಿಂದ ತೊಳೆಯುವವನು ಕಚ್ಚುಗಳನ್ನು ಎಣಿಸುವುದಿಲ್ಲ. ನಾನು ಎಣಿಸಿದೆ. ಎಷ್ಟಿದ್ದವೆಂದು ಇಂದು ಆಣೆ ಮಾಡಲಾರೆ. ಎಣಿಸಿದ ಮೇಲೆ ಉಗುರಿನಿಂದ ಪಟ್ಟಿ ಕಿತ್ತದ್ದು ಮಾತ್ರ ಬೆರಳಿಗೆ ಗೊತ್ತು.

ನಾಳೆ ಇಚಲಕರಂಜಿಗೆ ಬರುತ್ತೇನೆ. ಆ ಸೀಸೆ ಏನಾಯಿತೆಂದು ನಿಮ್ಮವರೆಲ್ಲರ ಎದುರಿಗೆ ಕೇಳಿ, ಶಾಂತವ್ವ. ಮೂರು ಸಲ ಕೇಳಿ. ಮೂರು ಸಲವೂ ಇದನ್ನೇ ಹೇಳುತ್ತೇನೆ.