ಓದದೆ ಬಿಟ್ಟ ನಾಲ್ಕು ಸಾಲು

2022ರಲ್ಲಿ ನಾನು ಹ್ಯೂಸ್ಟನ್ನಿನ ಉತ್ತರಕ್ಕಿರುವ ದ ವುಡ್‌ಲ್ಯಾಂಡ್ಸ್‌ನಲ್ಲಿ ಹಾಸ್ಪಿಸ್ ನರ್ಸ್ ಆಗಿದ್ದೆ. ಇನ್ನು ಗುಣವಾಗದು ಎಂದು ಡಾಕ್ಟರು ಹೇಳಿದ ರೋಗಿಯ ಮನೆಗೇ ಹೋಗಿ, ನೋವು ತಗ್ಗಿಸಿ, ಕೊನೆಯ ದಿನಗಳನ್ನು ಹಗುರ ಮಾಡುವುದು ಹಾಸ್ಪಿಸ್ ಕೆಲಸ. ಇಪ್ಪತ್ತು ವರ್ಷ ಅದನ್ನೇ ಮಾಡಿದ್ದೆ. ಎಲ್ಲ ಗೊತ್ತಿದೆ ಎಂಬ ಸೊಕ್ಕೂ ಇತ್ತು.

ಆ ವರ್ಷ ನನ್ನ ಪಾಲಿಗೆ ಬಂದವರು ಡೆನಿಸ್, ಎಂಬತ್ನಾಲ್ಕರ ನಿವೃತ್ತ ವೆಲ್ಡರ್. ಐರ್ಲೆಂಡಿನ ಪುಟ್ಟ ಹಳ್ಳಿಯೊಂದರಿಂದ ಟೆಕ್ಸಾಸ್‌ಗೆ ಬಂದು ಐವತ್ತು ವರ್ಷವಾಗಿತ್ತು. ಹೃದಯ ಸೋತಿತ್ತು, ಕಣ್ಣು ಪೂರ್ತಿ ಹೋಗಿತ್ತು. ಮಗಳು ನೋರಾ ನೋಡಿಕೊಳ್ಳುತ್ತಿದ್ದಳು. ಸೋಮವಾರ, ಗುರುವಾರ ನನ್ನ ಸರದಿ.

ಸೋಮವಾರ ಬಿ.ಪಿ. ನೋಡುವ ಮೊದಲೇ ಅವರ ಹುಕುಂ: "ಊರ ಸುದ್ದಿ ಓದು, ಸುಮಾ." ಹಳ್ಳಿಯ ಚರ್ಚಿನವರು ವಾರಕ್ಕೊಮ್ಮೆ ಎರಡು ಪುಟದ ಸುದ್ದಿಪತ್ರ ಇ-ಮೇಲ್ ಮಾಡುತ್ತಿದ್ದರು. ಸಭಾಭವನಕ್ಕೆ ಬಣ್ಣ ಬಳಿಯಲು ಶನಿವಾರ ಎಲ್ಲರೂ ಬ್ರಶ್ ತರಬೇಕು. ಯಾರದೋ ಎರಡು ಕುರಿ ಕಾಣೆ. ಇಸ್ಪೀಟಿನಲ್ಲಿ ಪ್ಯಾಡಿ ಮತ್ತೆ ಗೆದ್ದಿದ್ದಾನೆ. "ಮೋಸಗಾರ! ಶಾಲೆಯಲ್ಲೂ ಹಾಗೇ ಇದ್ದ," ಎಂದು ಡೆನಿಸ್ ನಗುತ್ತಿದ್ದರು. ಪ್ಯಾಡಿ ಅವರ ಬಾಲ್ಯದ ಗೆಳೆಯ. ಓದುತ್ತ ಓದುತ್ತ ನನಗೂ ಧಾರವಾಡದ ನಮ್ಮ ಓಣಿಯ ಕಟ್ಟೆಯ ಮೇಲೆ ಕೂತ ಹಾಗಾಗುತ್ತಿತ್ತು.

ಅಕ್ಟೋಬರಿನ ಒಂದು ಸೋಮವಾರ ಪುಟದ ಕೊನೆಗೆ ನಾಲ್ಕು ಸಾಲಿದ್ದವು. ಪ್ಯಾಡಿ ತೀರಿಕೊಂಡಿದ್ದಾನೆ. ಬುಧವಾರ ಹನ್ನೊಂದಕ್ಕೆ ಅಂತ್ಯಕ್ರಿಯೆ. ದೂರದವರು ಚರ್ಚಿನ ನೇರಪ್ರಸಾರದಲ್ಲಿ ಸೇರಿಕೊಳ್ಳಬಹುದು.

ಓದು ಅಲ್ಲಿಗೇ ನಿಲ್ಲಿಸಿದೆ. ನಮ್ಮಲ್ಲಿ ಹಾಸಿಗೆ ಹಿಡಿದವರಿಗೆ ಸಾವಿನ ಸುದ್ದಿ ಹೇಳುವುದಿಲ್ಲ. ಅಪ್ಪ ಮಲಗಿದ್ದಾಗ ಅವರ ತಮ್ಮ, ನಮ್ಮ ಕಾಕಾ, ತೀರಿಕೊಂಡದ್ದನ್ನು ಮನೆಮಂದಿಯೆಲ್ಲ ಸೇರಿ ಮುಚ್ಚಿಟ್ಟಿದ್ದೆವು. "ಈ ವಾರ ಇಷ್ಟೇ," ಎಂದು ಲ್ಯಾಪ್‌ಟಾಪ್ ಮುಚ್ಚಿದೆ. ನೋರಾಗೂ ಹೇಳಲಿಲ್ಲ. ಸಂಜೆ, ಯಾರೆಂದು ಹೇಳದೆ, ನಮ್ಮ ಮನೆಯವರಿಗೆ ವಿಷಯ ತಿಳಿಸಿದೆ.

"ಛಲೋ ಮಾಡಿದಿ ಬಿಡು. ಬ್ಯಾನಿ ಬಿದ್ದವ್ರಿಗೆ ಇಂಥಾದ್ದೆಲ್ಲಾ ಹೇಳಬಾರ್ದು," ಎಂದರು.

ಜಾಣೆ ನಾನು! ನೆಮ್ಮದಿಯಾಗಿ ಊಟ ಮಾಡಿದೆ.

ಗುರುವಾರ ಹೋದಾಗ ಡೆನಿಸ್ ಗೋಡೆಯ ಕಡೆ ತಿರುಗಿ ಮಲಗಿದ್ದರು. ಊರಿನವರೊಬ್ಬರು ಫೋನ್ ಮಾಡಿ, "ಪ್ಯಾಡಿಯ ಮಣ್ಣಿಗೆ ನೀನ್ಯಾಕೆ ಬರಲಿಲ್ಲ?" ಎಂದು ಕೇಳಿದ್ದರಂತೆ.

"ಸೋಮವಾರ ನಿನಗೆ ಗೊತ್ತಿತ್ತಾ?" ಎಂದರು.

"ಗೊತ್ತಿತ್ತು. ನಿಮಗೆ ನೋವಾಗಬಾರದು ಅಂತ..."

"ನಾನೇ ಸಾಯ್ತಾ ಇದೀನಿ, ಸುಮಾ. ಅವನು ಸತ್ತದ್ದು ನಾನು ತಡ್ಕೊಳ್ತಿದ್ದೆ. ಅವನನ್ನ ಕಳಿಸಿಕೊಡೋಕೆ ಹೋಗಲಿಲ್ಲವಲ್ಲ, ಇದಕ್ಕೆ ನಿನ್ನ ಹತ್ತಿರ ಏನು ಔಷಧಿ ಇದೆ?"

ಹೊರಗೆ ನೋರಾ ಬಿಡಿಸಿ ಹೇಳಿದಳು. ಸುದ್ದಿ ಕೇಳಿದವರು ಯಾರ ಮಣ್ಣನ್ನೂ ತಪ್ಪಿಸಿಕೊಳ್ಳುವ ಊರಲ್ಲ ಅದು. ಅಲ್ಲಿಯ ಹನ್ನೊಂದೆಂದರೆ ಇಲ್ಲಿ ಬೆಳಗಿನ ಐದು. ಡೆನಿಸ್ ಅಷ್ಟು ಹೊತ್ತಿಗೆ ಎದ್ದು, ಟೈ ಕಟ್ಟಿಸಿಕೊಂಡು, ಲ್ಯಾಪ್‌ಟಾಪ್ ಮುಂದೆ ಕೂತು, ಕಾಣದಿದ್ದರೂ ಕೇಳುತ್ತ ಪ್ರಾರ್ಥಿಸುತ್ತಿದ್ದರಂತೆ. ಒಂದನ್ನೂ ಬಿಟ್ಟವರಲ್ಲ. ನಾನು ಬಂದ ಮೇಲೆ ಊರಲ್ಲಿ ಇದೇ ಮೊದಲ ಸಾವಾದ್ದರಿಂದ ನನಗಿದು ಗೊತ್ತಿರಲಿಲ್ಲ. ನಾನು ಚರ್ಚಿಗೆ ಇ-ಮೇಲ್ ಮಾಡಿ, ಅಂತ್ಯಕ್ರಿಯೆಯ ರೆಕಾರ್ಡಿಂಗ್ ಕಳಿಸಿ ಎಂದು ಬೇಡಿಕೊಂಡೆ. ಪ್ರಸಾರವನ್ನು ಉಳಿಸಿಡುವುದಿಲ್ಲ ಎಂಬ ಉತ್ತರ ಬಂತು.

ಡೆನಿಸ್ ಹತ್ತಿರ ಕ್ಷಮೆ ಕೇಳಿದೆ. ಮುಂದಿನ ಸೋಮವಾರ, "ಸತ್ತವರಿಂದ ಶುರು ಮಾಡು," ಎಂದರು. ಹಾಗೇ ಓದಿದೆ. ಐದನೆಯ ಸೋಮವಾರ ಅವರದೇ ಹೆಸರಿತ್ತು. ಅದನ್ನು ನೋರಾಗೆ ಓದಿ ಹೇಳಿದೆ, ಒಂದಕ್ಷರ ಬಿಡದೆ.

ರೋಗಿಯ ನೋವು ಇಳಿಸುವುದು ನನ್ನ ಕೆಲಸ, ಅವರ ದುಃಖವನ್ನು ಅವರಿಂದಲೇ ಬಚ್ಚಿಡುವುದಲ್ಲ. ಇಷ್ಟನ್ನು ಕಲಿಯಲು ನನಗೆ ಇಪ್ಪತ್ತು ವರ್ಷ ಬೇಕಾಯಿತು. ಕಲಿತ ಮೇಲೆ ಧಾರವಾಡದ ಆ ದಿನಗಳೂ ಬೇರೆಯಾಗಿ ಕಾಣತೊಡಗಿವೆ. ಅಪ್ಪ ದಿನಾ ಬಾಗಿಲ ಕಡೆ ನೋಡಿ, "ತಮ್ಮ ಯಾಕ ಬರವಲ್ಲ? ನನ್ನ ಮ್ಯಾಲೆ ಸಿಟ್ಟಾಗ್ಯಾನೇನು?" ಎನ್ನುತ್ತಿದ್ದರು. "ನಾಳಿ ಬರ್ತಾರ್ರೀ ಅಪ್ಪಾ," ಎನ್ನುತ್ತಿದ್ದವಳು ನಾನೇ. ತಮ್ಮ ಸಿಟ್ಟಾಗಿದ್ದಾನೆ ಎಂದುಕೊಂಡೇ ಅಪ್ಪ ಹೋದರು.