ಐದು ಸಾವಿರದಿಂದ ಶುರುವಾದ ವೆಬ್‌ಸೈಟು

ಪೀಣ್ಯದಲ್ಲಿ ಬಿಲ್ ಬುಕ್ಕನ್ನು ಒಂದನೇ ನಂಬರಿನಿಂದ ಶುರು ಮಾಡಿದವರನ್ನು ನಾನು ಕಂಡಿಲ್ಲ. ಶೆಡ್ಡು ಬಾಡಿಗೆಗೆ ಹಿಡಿದು, ಹಳೇ ಲೇತ್ ಮಿಷಿನ್ ಒಂದನ್ನು ಇಳಿಸಿ, ಕುಂಬಳಕಾಯಿ ಒಡೆದ ದಿನವೇ ಪ್ರೆಸ್ಸಿನವನು ಕೇಳುತ್ತಾನೆ: "ಐನೂರರಿಂದ ಹಾಕ್ಲಾ ಸಾರ್, ಸಾವಿರದಿಂದ್ಲಾ?" ಹೊಸಬ ಎಂದು ಗೊತ್ತಾದರೆ ಕೆಲಸ ಕೊಡುವವರಾರು? ಇದು ಮೋಸವಲ್ಲ. ಹೆಣ್ಣು ನೋಡಲು ಹೋಗುವಾಗ ಇಸ್ತ್ರಿ ಅಂಗಿ ಹಾಕಿಕೊಂಡ ಹಾಗೆ, ಅಷ್ಟೇ. ಈ ಬುದ್ಧಿಯನ್ನೇ ನಾನು ವೆಬ್‌ಸೈಟಿಗೂ ಹಚ್ಚಿದೆ.

ಆಗ ನಾನು, ಹೆಂಡತಿ ಇಬ್ಬರೇ ಪಂಪಿನ ಬುಶ್ ಮಾಡುತ್ತಿದ್ದೆವು. ಬುಶ್ ಎಂದರೆ ಶಾಫ್ಟು ತಿರುಗುವ ಕಡೆ ಕೂರಿಸುವ ಕಂಚಿನ ಬಳೆಯಂಥದ್ದು. ಕಾರ್ಖಾನೆಯ ಕೆಲಸವನ್ನು ಒಬ್ಬ ಹಿಡಿದು ಇನ್ನೊಬ್ಬನಿಗೆ ಕೊಟ್ಟರೆ, ಅವನು ನಮಗೆ ಕೊಡುತ್ತಿದ್ದ. ನಾವು ಎಲ್ಲಿ ನೇರವಾಗಿ ಹೋಗಿಬಿಡುತ್ತೇವೋ ಎಂದು, ಅಳತೆ ಬರೆದ ಡ್ರಾಯಿಂಗಿನಲ್ಲಿ ಕಾರ್ಖಾನೆಯ ಹೆಸರಿಗೆ ಮಸಿ ಬಳಿದಿರುತ್ತಿದ್ದ. ಒಂದೇ ಒಂದು ನೇರ ಆರ್ಡರು ಬಂದರೆ ಸಾಕು ಎಂಬುದೇ ನಮ್ಮಿಬ್ಬರ ಆಸೆ. ಅವರಿವರನ್ನು ಕೇಳಿ, ವೈಟ್‌ಫೀಲ್ಡ್ ಕಡೆಯ ಒಂದು ಪಂಪ್ ಕಾರ್ಖಾನೆಯ ಪರ್ಚೇಸ್ ಆಫೀಸರನ್ನು ಫೋನಿನಲ್ಲಿ ಹಿಡಿದೆ.

"ವೆಬ್‌ಸೈಟ್ ಇದೆಯೇನ್ರಿ? ಸೋಮವಾರ ನೋಡಿ ಹೇಳ್ತೀನಿ" ಎಂದರು.

ಇರಲಿಲ್ಲ. "ಇದೆ ಸಾರ್" ಎಂದೆ.

ಬಾಗಲಗುಂಟೆಯಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದವರು ಕಂಪ್ಯೂಟರ್ ಕಲಿಸುವ ಮೇಡಂ, ಗದಗಿನ ಕಡೆಯವರು. ಐದು ಪುಟ ಬೇಕೆಂದರು: ಮುಖಪುಟ, ನಮ್ಮ ಬಗ್ಗೆ, ನಮ್ಮ ಧ್ಯೇಯ, ಫೋಟೋ, ವಿಳಾಸ. "ಬುಶ್‌ಗೆ ಎಂಥ ಧ್ಯೇಯ ಮೇಡಂ?" ಎಂದು ಚೌಕಾಶಿ ಮಾಡಿ ಒಂದೇ ಪುಟಕ್ಕೆ ಇಳಿಸಿದೆ. ಅದಕ್ಕೆ ಪ್ರತಿಯಾಗಿ ಅವರ ಬಾಲ್ಕನಿಗೆ ಬಟ್ಟೆ ಒಣಹಾಕುವ ಕಂಬಿ ಕೂರಿಸಿಕೊಟ್ಟೆ. ಪುಟ ಬದಲಾಯಿಸುವುದನ್ನೂ ಕಲಿಸಬೇಕೆಂದು ಹಟ ಹಿಡಿದೆ. ವೆಬ್‌ಸೈಟು ಮಾಡಿಸುವವರಿಗೆ ಈಗಲೂ ಇದನ್ನೇ ಹೇಳುತ್ತೇನೆ: ಪುಟ ಕಡಿಮೆ ಇರಲಿ, ಪಾಸ್‌ವರ್ಡು ನಿಮ್ಮ ಜೇಬಿನಲ್ಲಿರಲಿ. ಬೀಗದ ಕೈ ಇನ್ನೊಬ್ಬರಿಗೆ ಕೊಟ್ಟು ಅಂಗಡಿ ನಡೆಸಬೇಡಿ.

ಪುಟದ ಕೊನೆಗೆ ಮೇಡಂ ಒಂದು ಕೌಂಟರ್ ಇಟ್ಟರು. ಎಷ್ಟು ಸಲ ಪುಟ ತೆರೆಯಿತೆಂದು ಅದು ಎಣಿಸುತ್ತದಂತೆ. ಮೂರು ಸೊನ್ನೆ, ಕೊನೆಗೆ ಒಂದು! ಹೊಸಬ ಎಂದು ಊರಿಗೆಲ್ಲ ಸಾರಿದ ಹಾಗೆ.

"ಐದು ಸಾವಿರದಿಂದ ಶುರು ಮಾಡಿ ಮೇಡಂ."

"ಸುಳ್ಳ ಆಗ್ತದಲ್ರೀ ಅಣ್ಣಾರ!"

"ಸುಳ್ಳಲ್ಲ, ಬಿಲ್ ಬುಕ್ ಥರ."

ಅವರು ಹಣೆ ಚಚ್ಚಿಕೊಂಡು ಹಾಕಿಕೊಟ್ಟರು.

ಸೋಮವಾರ ಬೆಳಗ್ಗೆ ಲೇತ್ ನಿಲ್ಲಿಸಿ, ಗಂಡ ಹೆಂಡತಿ ಇಬ್ಬರೂ ಶೆಡ್ಡಿನ ಪಕ್ಕದ ಸೈಬರ್ ಕೆಫೆಗೆ ಹೋದೆವು. ಪುಟ ಮೇಲಿನಿಂದ ನಿಧಾನವಾಗಿ ಇಳಿಯಿತು: ನಮ್ಮ ಶೆಡ್ಡು, ನಮ್ಮ ಲೇತ್, ಸಾಲಾಗಿ ಕೂತ ನಮ್ಮ ಬುಶ್‌ಗಳು. ಕೆಳಗೆ 5003. ರಿಫ್ರೆಶ್ ಒತ್ತಿದೆ. 5004! ಮತ್ತೆ ಒತ್ತಿದೆ. 5005!

"ಅಯ್ಯೋ, ನಂಗೂ ಕೊಡ್ರೀ" ಎಂದು ಹೆಂಡತಿ ಮೌಸ್ ಕಿತ್ತುಕೊಂಡಳು. ಅವಳ ಕೈ ನನಗಿಂತ ಚುರುಕು. ಹತ್ತು ಅವಳು, ಹತ್ತು ನಾನು. ನೂರು ದಾಟಿದಾಗ ಅವಳು ಚಪ್ಪಾಳೆ ತಟ್ಟಿದಳು. ಕೆಫೆಯವನು, "ಅಣ್ಣ, ಲಾಟ್ರಿ ಗೀಟ್ರಿ ಹೊಡೀತಾ?" ಎಂದ. ನಕ್ಕು ನಕ್ಕು ನನಗೆ ಬಿಕ್ಕಳಿಕೆ ಹತ್ತಿತು. 5240ಕ್ಕೆ ಬಂದಾಗ ಮೊಬೈಲು ಬಡಿದುಕೊಂಡಿತು. ಆಫೀಸರು.

"ಏನ್ರೀ ಇದು? ನಾನು ನೋಡಿದಾಗ ಐದು ಸಾವಿರದ ಹನ್ನೆರಡು. ಟೀ ಕುಡಿದು ಬರೋಷ್ಟ್ರಲ್ಲಿ ಇನ್ನೂರು ಜನ ಬಂದ್ಬಿಟ್ಟಿದಾರೆ. ಬುಶ್ ಜೊತೆ ಪುಳಿಯೋಗರೆ ಹಂಚ್ತಾ ಇದೀರಾ?"

ಬಿಕ್ಕಳಿಕೆ ನಿಂತೇ ಹೋಯಿತು. ವ್ಯಾಪಾರದಲ್ಲಿ ಸಿಕ್ಕಿಬಿದ್ದಾಗ ಎರಡನೇ ಸುಳ್ಳಿಗೆ ಕೈ ಹಾಕಬಾರದು, ಅದು ಮೊದಲನೆಯದಕ್ಕಿಂತ ದುಬಾರಿ.

"ಸಾರ್, ಆ ಇನ್ನೂರು ನಾನು, ನಮ್ಮ ಮನೆಯವಳು. ಐದು ಸಾವಿರ... ಬಿಲ್ ಬುಕ್ ಲೆಕ್ಕ ಸಾರ್."

ನೇರ ಆರ್ಡರು ಕೈಬಿಟ್ಟು ಹೋಯಿತೆಂದೇ ತಿಳಿದೆ. ಆದರೆ ಆ ಕಡೆಯಿಂದ ಎಂಥ ನಗು ಬಂತೆಂದರೆ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು.

"ನಿಜವಾಗ್ಲೂ ಎಷ್ಟು ಜನ ಗಿರಾಕಿಗಳು ನಿಮಗೆ?"

"ಇಬ್ರು ಸಾರ್. ಇಬ್ರೂ ಮಧ್ಯದವರು."

"ಮಾಲು ವಾಪಸ್ ಬಂದಿದ್ಯಾ?"

"ಒಂದ್ಸಲ ಸಾರ್. ಒಳ ಅಳತೆ ತಪ್ಪಿತ್ತು. ಅಷ್ಟೂ ಹೊಸದಾಗಿ ಮಾಡಿಕೊಟ್ಟೆ."

"ಅದನ್ನ ಬರೀರಿ ಪುಟದಲ್ಲಿ. ಆ ಕೌಂಟರ್ ಕಿತ್ತು ಬಿಸಾಕಿ. ಮಧ್ಯಾಹ್ನ ಮತ್ತೆ ನೋಡ್ತೀನಿ."

ಮೇಡಂ ಕ್ಲಾಸಿನಲ್ಲಿದ್ದರು. ಕಲಿತ ವಿದ್ಯೆ ನೆಚ್ಚಿ ನಾನೇ ಕೂತೆ. ಕೌಂಟರ್ ಕಿತ್ತೆ, ಅದರ ಜೊತೆ ಲೇತಿನ ಫೋಟೋವೂ ಮಾಯ! "ಮಿಷಿನ್ನೇ ಮಾರಿಬಿಟ್ರಲ್ರೀ!" ಎಂದು ಹೆಂಡತಿ ಕೂಗಿದಳು. ಹೇಗೋ ತಡಕಾಡಿ ಅದನ್ನು ವಾಪಸು ತಂದು ಕೂರಿಸಿ, ಕೆಳಗೆ ನಮ್ಮ ತಪ್ಪನ್ನೂ ಅದನ್ನು ಸರಿಮಾಡಿದ್ದನ್ನೂ ಎರಡು ಸಾಲು ಬರೆದೆ. ರಿಫ್ರೆಶ್ ಗುಂಡಿಯ ಹತ್ತಿರ ಹೋದ ನನ್ನ ಕೈಗೆ ಅವಳು ಒಂದು ಏಟು ಹಾಕಿದಳು.

ಮೂರು ಗಂಟೆಗೆ ಫೋನು ಬಂತು. "ನೋಡಿದೆ. ಡ್ರಾಯಿಂಗ್ ನಿಮಗೇ ಕಳಿಸ್ತೀನಿ. ಮೊದಲು ನೂರು ಬುಶ್ ಮಾಡಿಕೊಡಿ. ಮೂರು ವಾರ ಸಾಕಾ?"

"ಎರಡೇ ವಾರ ಸಾರ್!" ಎಂದೆ. ಅವರು ಅದನ್ನು ಬರೆದುಕೊಳ್ಳುವವರೆಗೂ ನನಗೆ ತಡೆಯಲಾಗಲಿಲ್ಲ. "ಹತ್ತು ದಿನ!"

ಹೆಂಡತಿ ನನ್ನ ತೊಡೆ ಚಿವುಟಿದಳು. "ಫೋನ್ ಇಡ್ರೀ! ಇನ್ನೊಂದ್ಸಲ ಬಾಯಿ ಬಿಟ್ರೆ ನಿನ್ನೆ ದಿನವೇ ಮಾಲು ಕೊಟ್ಟಾಯ್ತು ಅಂತೀರಾ!"

"ಹತ್ತು ದಿನ ಅಂತಾನೇ ಬರ್ಕೊಂಡೆ ಅಂತ ನಿಮ್ಮ ಮನೆಯವರಿಗೆ ಹೇಳಿ" ಎಂದು ನಗುತ್ತಾ ಆಫೀಸರು ಫೋನಿಟ್ಟರು.